ಗೋಪುರ ಕೊಟ್ಟು ಗುಮಾಸ್ತನನ್ನು ತಂದದ್ದು

ಮನುಷ್ಯನಿಗೆ ತಾನು ಹೇಳಿದಂತೆ ನಡೆಯುವ ಜಾಗ ಭೂಮಿಯ ಮೇಲೆ ಒಂದಾದರೂ ಇರಬೇಕು. ಕೆಲಸದಲ್ಲಿ ನನಗೆ ಅಂಥ ಜಾಗವಿಲ್ಲ. ನಾನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟು ನನ್ನ ಮಾತು ಕೇಳುವುದಿಲ್ಲ, ಅದರೊಳಗೆ ಸಿಕ್ಕಿಕೊಂಡವರಂತೂ ಕೇಳುವುದೇ ಇಲ್ಲ. ಮನೆಯ ವಿಷಯ ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆಗದವರಿಗೆ ಹೇಳಿದರೂ ನಂಬುವುದಿಲ್ಲ. ಆದ್ದರಿಂದ ಈ ವರ್ಷ ನಾನೊಂದು ಬ್ಯಾಸ್ಕೆಟ್‌ಬಾಲ್ ತಂಡದ ಒಡೆಯನಾದೆ.

ತಂಡ ಎಂದರೆ ಅಂಗಳದಲ್ಲಿ ಓಡಾಡುವ ತಂಡವಲ್ಲ. ದೊಡ್ಡ ಲೀಗಿನಲ್ಲಿ ನಿಜವಾದ ಆಟಗಾರರು ಎಲ್ಲೋ ದೂರದಲ್ಲಿ ಆಡುತ್ತಿರುತ್ತಾರೆ. ಅವರನ್ನು ನಾವು ಮನೆಯ ಮುಂದಿನ ಕೋಣೆಯಲ್ಲಿ ಕುಳಿತು, ಚೀಟಿ ಎತ್ತಿ ಸರದಿ ಗೊತ್ತುಮಾಡಿ, ತಲೆಗೆ ಹತ್ತು ಜನರಂತೆ ಹಂಚಿಕೊಂಡಿದ್ದೇವೆ. ನನ್ನ ಪಾಲಿನವನು ಅಲ್ಲಿ ಚೆಂಡನ್ನು ಬುಟ್ಟಿಗೆ ಹಾಕಿದರೆ ಇಲ್ಲಿ ನನಗೆ ಅಂಕ. ಅವನು ಗಾಯವಾಗಿ ಕುಳಿತರೆ ನನಗೆ ಸೊನ್ನೆ. ಕೈ ಕೆಸರು ಅವರದು, ಬಾಯಿ ಮೊಸರು ನಮ್ಮದು. (ನಾವು ಇದ್ದೇವೆಂಬುದೇ ಅವರಿಗೆ ಗೊತ್ತಿಲ್ಲ. ಆದರೂ ಅವರಿಂದ ನಾನು ಪಟ್ಟ ಪಾಡು ಒಂದು ದಿನ ಅವರ ಕಿವಿಗೆ ಬೀಳಲಿ ಎಂದು ನನ್ನ ಆಸೆ.)

ಒಟ್ಟು ಐದು ತಂಡ. ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಟೇಪು ಹಿಡಿಯದೆ ಯಾರ ತೋಳು ಎಷ್ಟುದ್ದ ಎಂದು ಹೇಳಬಲ್ಲಳು. ಲೀಗಿನ ಉದ್ದ ತೋಳಿನವರನ್ನೆಲ್ಲ ಅವಳೇ ಬಾಚಿಕೊಂಡಳು. ಮಗಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ಪ್ರತಿ ಭಾನುವಾರ ಅಂಕ ಕೂಡಿಸಿ ಫ್ರಿಜ್ ಬಾಗಿಲಿಗೆ ಪಟ್ಟಿ ಅಂಟಿಸುವುದು ಅವಳ ಹೊಣೆ. ನಾಲ್ಕನೆಯವನು ಭಾವಮೈದುನ, ಬಸ್ ಡ್ರೈವರ್, ಎರಡು ಬೀದಿ ಆಚೆ ಇದ್ದಾನೆ. ಐದನೆಯವರು ನಮ್ಮ ಅತ್ತೆ. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ, ಹೆಡ್ ಸಿಸ್ಟರಾಗಿ ನಿವೃತ್ತರಾಗಿ, ಈಗ ನಮ್ಮ ಜೊತೆ ಇದ್ದಾರೆ. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ಕಡೆಗೆ ಎಷ್ಟು ಜನ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಒಂದು ತಂಡ ಕಡಿಮೆ ಬಿತ್ತೆಂದು ಅವರನ್ನು ಒತ್ತಾಯ ಮಾಡಿ ಸೇರಿಸಿದವನು ನಾನೇ.

ಆಟಗಾರರನ್ನು ಆರಿಸಿದ ದಿನ ನಾನು ಮೊದಲ ಸರದಿಯಲ್ಲೇ ಏಳಡಿ ಎರಡಂಗುಲದ ಮಹಾವೀರನೊಬ್ಬನನ್ನು ಎತ್ತಿಕೊಂಡೆ. ಮನೆಯಲ್ಲಿ ಅವನಿಗೆ ಗೋಪುರ ಎಂದು ಹೆಸರಾಯಿತು. ಅತ್ತೆ ಟೀವಿಯ ಮುಂದೆ ಕನ್ನಡಕ ಒರೆಸಿಕೊಂಡು ಕುಳಿತಿದ್ದರು. ಚೆಂಡು ಎಲ್ಲಿ ಹೋಗುತ್ತಿದೆ ಎಂದು ಒಮ್ಮೆಯೂ ನೋಡಲಿಲ್ಲ.

"ಆ ಮೂಲೇಲಿ ಕೂತಿದ್ದಾನಲ್ಲ, ಅವನು ನನಗಿರ್ಲಿ," ಎಂದರು.

"ಅವನಾ? ಅವನ ಹೆಸರು ಯಾರಿಗೂ ಗೊತ್ತಿಲ್ಲ ಅತ್ತೆ."

"ಹೆಸರೇನಾದ್ರೂ ಇರ್ಲಿ. ಏಳುವಾಗ ಮೊಣಕಾಲಿಗೆ ಕೈ ಕೊಡ್ಲಿಲ್ಲ ನೋಡಿ."

ಅವನು ನಾಲ್ಕು ವರ್ಷದಿಂದ ಒಂದು ಪಂದ್ಯವನ್ನೂ ತಪ್ಪಿಸಿಕೊಂಡವನಲ್ಲ. ಪ್ರತಿ ಪಂದ್ಯದಲ್ಲೂ ಹನ್ನೆರಡು ಅಂಕ ಗಳಿಸುತ್ತಿದ್ದ, ಬುಟ್ಟಿ ತಪ್ಪಿ ಪುಟಿದ ಚೆಂಡನ್ನು ಎಂಟು ಸಲ ಹಿಡಿಯುತ್ತಿದ್ದ, ಟವೆಲು ಮಡಚಿಟ್ಟು ಮನೆಗೆ ಹೋಗುತ್ತಿದ್ದ. ನಾವು ಅವನನ್ನು ಗುಮಾಸ್ತ ಎಂದು ಕರೆದೆವು. ನಾನು ಅವನನ್ನು ನೋಡಿ ನಕ್ಕಿದ್ದೂ ಉಂಟು.

ಲೀಗಿನ ನಿಯಮಾವಳಿಯನ್ನು ಬರೆದವನು ನಾನು. ಹನ್ನೊಂದು ನಿಯಮ, ಎಲ್ಲವೂ ಸರ್ಕಾರಿ ಗಾಂಭೀರ್ಯದಿಂದ ಕೂಡಿದವು. ಅವುಗಳಲ್ಲಿ ಏಳನೆಯದು ನನ್ನ ಹೆಮ್ಮೆಯ ಕೂಸು: 'ಋತುವಿನ ನಡುಘಟ್ಟವಾದ ಹನ್ನೆರಡನೆಯ ವಾರದ ಅಂತ್ಯಕ್ಕೆ ಪಟ್ಟಿಯ ತಳದಲ್ಲಿರುವ ತಂಡವನ್ನು ಅಗ್ರಸ್ಥಾನದ ಒಡೆಯರು ಆಡಳಿತಾಧಿಕಾರಿಯಾಗಿ ವಶಕ್ಕೆ ತೆಗೆದುಕೊಳ್ಳತಕ್ಕದ್ದು. ತಳದವನು ಉಳಿದ ಋತುವೆಲ್ಲ ಬಾಯಿ ಮುಚ್ಚಿಕೊಂಡು ನೋಡತಕ್ಕದ್ದು.' ಬರೆಯುವಾಗ ಅಗ್ರಸ್ಥಾನ ಎಂದಲ್ಲಿ ನನ್ನನ್ನೂ ತಳ ಎಂದಲ್ಲಿ ಭಾವಮೈದುನನನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅವನು ಪಾಳಿಯ ಗಡಿಬಿಡಿಯಲ್ಲಿ, ಆ ವಾರಕ್ಕೆ ತನ್ನ ಆಟಗಾರರು ಯಾರ್ಯಾರು ಎಂದು ಬರೆದುಕೊಡುವ ವಾರದ ಪಟ್ಟಿಯನ್ನೇ ಮರೆಯುವವನು, ಎಲ್ಲಿಗೆ ಹೋದಾನು ಎಂದು ನನ್ನ ಲೆಕ್ಕವಿತ್ತು.

ಹತ್ತನೆಯ ವಾರದ ಪಟ್ಟಿ ಫ್ರಿಜ್ಜಿನ ಬಾಗಿಲೇರಿದಾಗ ಎಲ್ಲರಿಗಿಂತ ಮೇಲೆ ಅತ್ತೆ ಇದ್ದರು. ಅವರ ಹತ್ತು ಜನರಲ್ಲಿ ಒಬ್ಬನಿಗೂ ಅಲ್ಲಿಯವರೆಗೆ ನೆಗಡಿ ಕೂಡ ಆಗಿರಲಿಲ್ಲ. ಅವರ ಹಿಂದೆ ಮಗಳು, ಮಗಳ ಹಿಂದೆ ಹೆಂಡತಿ. ಹೆಂಡತಿಯ ಉದ್ದ ತೋಳಿನವರು ಚೆಂಡು ಹಿಡಿಯುವುದರಲ್ಲಿ ಗಟ್ಟಿ, ಬುಟ್ಟಿಗೆ ಹಾಕುವುದರಲ್ಲಿ ಮೆತ್ತಗೆ. ನಾಲ್ಕನೆಯವನು ನಾನು. ನನ್ನ ತಂಡದಲ್ಲಿ ಒಬ್ಬನ ಮಣಿಕಟ್ಟು ಮುರಿದಿತ್ತು, ಒಬ್ಬನ ಸೊಂಟ ಹಿಡಿದಿತ್ತು, ಇನ್ನೊಬ್ಬ ರೆಫರಿಯ ಜೊತೆ ಜಗಳವಾಡಿ ಹೊರಗೆ ಕುಳಿತಿದ್ದ. (ಅವನ ಮೇಲೆ ಮಾತ್ರ ನನಗೆ ಗೌರವ. ಎದುರುತ್ತರ ಕೊಡುವ ಧೈರ್ಯ ನಮ್ಮ ತಂಡದಲ್ಲಿ ಅವನೊಬ್ಬನಿಗೇ ಇದ್ದದ್ದು, ಒಡೆಯನನ್ನೂ ಸೇರಿಸಿ.) ತಳದಲ್ಲಿ ಭಾವಮೈದುನ, ನನಗಿಂತ ಅರವತ್ತೊಂದು ಅಂಕ ಕೆಳಗೆ. ನನ್ನ ಮಾನವೆಲ್ಲ ಗೋಪುರದ ಮೇಲೆ ನಿಂತಿತ್ತು.

ಮರುದಿನ ಸೋಮವಾರ ನಾನು ಒಂಬತ್ತು ಅಂತಸ್ತಿನ ಕಟ್ಟಡದ ತಾರಸಿಯಲ್ಲಿ, ಲಿಫ್ಟಿನ ಯಂತ್ರದ ಕೋಣೆಯಲ್ಲಿದ್ದೆ. ಬ್ರೇಕು ಬಿಚ್ಚಿ ಮೊಣಕೈವರೆಗೆ ಗ್ರೀಸು ಮಾಡಿಕೊಂಡಿದ್ದಾಗ ಫೋನು ಗುಂಯ್‌ಗುಟ್ಟಿತು. ಮೂಗಿನ ತುದಿಯಿಂದ ಪರದೆ ಒತ್ತಿ ಓದಿದೆ. ಗೋಪುರಕ್ಕೆ ಹಿಮ್ಮಡಿ ನೋವು, ಈ ವಾರ ಆಡುವುದು ಅನುಮಾನ. ಐದನೆಯ ಅಂತಸ್ತಿನಿಂದ ಒಬ್ಬರು ಅಜ್ಜ, "ಆಯ್ತೇನಪ್ಪಾ?" ಎಂದು ಕೂಗಿದರು. "ಆಯ್ತು ಸ್ವಾಮಿ, ಎಲ್ಲಾ ಮುಗೀತು," ಎಂದೆ. ಅವರು ಲಿಫ್ಟು ಸರಿಹೋಯಿತೆಂದು ಗುಂಡಿ ಒತ್ತಿ ಅರ್ಧ ಗಂಟೆ ಬಾಗಿಲ ಮುಂದೆ ನಿಂತಿದ್ದರಂತೆ.

ವಾರದ ಪಟ್ಟಿಯನ್ನು ಸೋಮವಾರ ಸಂಜೆ ಏಳರೊಳಗೆ ಕೊಡಬೇಕು, ಆಮೇಲೆ ಬದಲಾಯಿಸುವಂತಿಲ್ಲ. (ನಿಯಮ ನಾಲ್ಕು, ಅದೂ ನನ್ನದೇ.) ನಾನು ಐದಕ್ಕೇ ಮನೆ ಸೇರಿದೆ. ಗೋಪುರದ ಸುದ್ದಿ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಮುಂದಿನ ಕೋಣೆಯಲ್ಲಿ ಹೊದಿಕೆಗಳನ್ನು ಆಸ್ಪತ್ರೆಯಲ್ಲಿ ಮಡಚುವ ಹಾಗೆ ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದರು.

"ಅತ್ತೆ, ನಿಮ್ಮ ತಂಡದಲ್ಲಿ ಎಲ್ಲಾ ಇದೆ. ನಾಲ್ಕು ಜನ ಹೌದು ಅನ್ನೋ ಅಂಥ ಒಬ್ಬ ದೊಡ್ಡ ಆಟಗಾರ ಮಾತ್ರ ಇಲ್ಲ. ಗೋಪುರನ್ನ ನೀವು ಇಟ್ಕೊಳ್ಳಿ. ಬದಲಿಗೆ ಆ ಗುಮಾಸ್ತನ್ನ ಕೊಡಿ, ನಾನು ಹೇಗೋ ಸುಧಾರಿಸ್ಕೊಳ್ತೀನಿ."

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

"ಏನ್ರೀ, ಮೈ ಹುಷಾರಿದೆ ತಾನೆ? ಬೆಳಗ್ಗೆ ತನಕ ಗೋಪುರ ಗೋಪುರ ಅಂತ ಜಪ ಮಾಡ್ತಿದ್ರಿ," ಎಂದಳು ಹೆಂಡತಿ.

"ಹಿರಿಯರು ಸಂತೋಷವಾಗಿರ್ಲಿ ಅಂತ ಕಣೇ."

"ಹತ್ತೊಂಬತ್ತು ವರ್ಷ ಇಲ್ಲದ್ದು ಇವತ್ತು ಬಂತು." ಯಂತ್ರ ಮತ್ತೆ ಓಡಿತು.

ಅತ್ತೆ ಕೈಯಲ್ಲಿದ್ದ ಹೊದಿಕೆ ಕೆಳಗಿಟ್ಟರು. "ಅವನು ನಡೆಯೋದು ತೋರಿಸಿ ನೋಡೋಣ," ಎಂದರು. ನಾನು ಜಾಣತನದಿಂದ ಹೋದ ವರ್ಷದ ವಿಡಿಯೋ ಹುಡುಕಿ ತೋರಿಸಿದೆ. ಗೋಪುರ ಗಾಳಿಯಲ್ಲಿ ತೇಲಿಬಂದು ಚೆಂಡನ್ನು ಬುಟ್ಟಿಗೆ ತುರುಕುವುದು ಅದರಲ್ಲಿತ್ತು. ಅತ್ತೆ ಅದನ್ನು ಬಿಟ್ಟು ಅವನು ಇಳಿದು ವಾಪಸ್ ನಡೆದುಹೋಗುವುದನ್ನು ನೋಡಿದರು. ಇನ್ನೊಮ್ಮೆ ನೋಡಿದರು.

"ಈ ಮನುಷ್ಯನಿಗೆ ಸ್ವಲ್ಪ ವಿಶ್ರಾಂತಿ ಬೇಕು," ಎಂದರು.

ನಾನು ಗಡಿಬಿಡಿಯಿಂದ ವಿಡಿಯೋ ನಿಲ್ಲಿಸಿದೆ.

"ಪರವಾಗಿಲ್ಲ, ಕೊಡಿ. ಗುಮಾಸ್ತ ಒಳ್ಳೆಯವನು, ಚೆನ್ನಾಗಿ ನೋಡ್ಕೊಳ್ಳಿ," ಎಂದು ಅತ್ತೆ ಅದಲುಬದಲಿನ ಚೀಟಿಗೆ ನನಗಿಂತ ಮೊದಲೇ ಸಹಿ ಹಾಕಿದರು. ಪಾಪ, ಮುಗ್ಧ ಜೀವ ಎಂದುಕೊಂಡು ನಾನೂ ಹಾಕಿದೆ.

ಹನ್ನೊಂದನೆಯ ವಾರ ನನ್ನ ಬಾಳಿನ ವಸಂತ. ಗೋಪುರ ಕೋಟು ತೊಟ್ಟು ಬೆಂಚಿನ ಮೇಲೆ ಕುಳಿತ. ಗುಮಾಸ್ತ ತಪ್ಪದೆ ಬಂದು ಹನ್ನೆರಡು ಅಂಕ ಹಾಕಿ, ಎಂಟು ಚೆಂಡು ಹಿಡಿದು, ಟವೆಲು ಮಡಚಿಟ್ಟು ಹೋದ. ಭಾವಮೈದುನನಿಗಿಂತ ನಾನು ತೊಂಬತ್ತು ಅಂಕ ಮುಂದಾದೆ. ಒಂದೇ ದಿನದಲ್ಲಿ ಎರಡು ಲಿಫ್ಟು ಸರಿಮಾಡಿದೆ. ಅತ್ತೆಯನ್ನು ನೋಡಿದಾಗ ಮಾತ್ರ ಸ್ವಲ್ಪ ಅಪರಾಧಿ ಭಾವ ಕಾಡುತ್ತಿತ್ತು, ಅದಕ್ಕಾಗಿ ಮೂರು ದಿನ ಅವರ ಕಾಫಿ ನಾನೇ ಮಾಡಿಕೊಟ್ಟೆ. ಅವರು ಬೇಡವೆನ್ನಲಿಲ್ಲ.

ಭಾನುವಾರ ಬಂದ ಭಾವಮೈದುನನ ಹೆಗಲ ಮೇಲೆ ಕೈಯಿಟ್ಟು ಸಮಾಧಾನವನ್ನೂ ಹೇಳಿದೆ.

"ಬೇಜಾರು ಮಾಡ್ಕೋಬೇಡ. ಆಡಳಿತಾಧಿಕಾರಿ ಬಂದ್ರೆ ತಂಡಕ್ಕೆ ಒಳ್ಳೇದೇ. ನೀನೂ ನಿಶ್ಚಿಂತೆಯಿಂದ ಬಸ್ ಓಡಿಸ್ಬಹುದು."

"ಇನ್ನೂ ಒಂದು ವಾರ ಇದೆಯಲ್ಲ ಭಾವ."

"ಒಂದು ವಾರದಲ್ಲಿ ಏನಾಗುತ್ತಪ್ಪಾ," ಎಂದೆ.

ಮಂಗಳವಾರ ನಾನು ಒಂದು ಬಟ್ಟೆ ಅಂಗಡಿಯ ಲಿಫ್ಟಿನ ತಳದ ಗುಂಡಿಗೆ ಇಳಿದು, ಯಾರೋ ಬೀಳಿಸಿದ್ದ ಬಾಚಣಿಗೆಯನ್ನು ಹಳಿಯ ಸಂದಿಯಿಂದ ಕೀಳುತ್ತಿದ್ದೆ. ಫೋನು ಮತ್ತೆ ಗುಂಯ್‌ಗುಟ್ಟಿತು. ಗುಮಾಸ್ತ ಆಡುತ್ತಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಗುಮಾಸ್ತ ಆಡುತ್ತಿಲ್ಲ. ಕಾರಣ ವೈಯಕ್ತಿಕ. ಲಿಫ್ಟಿನ ಗುಂಡಿಗಿಂತ ಕೆಳಗೆ ಇಳಿಯಲು ಜಾಗವಿದ್ದಿದ್ದರೆ ಅಲ್ಲಿಗೂ ಇಳಿದುಬಿಡುತ್ತಿದ್ದೆ.

ಬುಧವಾರ ಪೂರ್ತಿ ಸುದ್ದಿ ಬಂತು. ಗುಮಾಸ್ತನಿಗೆ ಅವಳಿ ಮಕ್ಕಳು, ತಾಯಿ ಮಕ್ಕಳು ಆರೋಗ್ಯ, ತಂದೆಗೆ ಎರಡು ವಾರ ರಜೆ. ಅದೇ ದಿನ ಗೋಪುರ ಹತ್ತು ದಿನದ ವಿಶ್ರಾಂತಿ ಮುಗಿಸಿ, ಎಣ್ಣೆ ಹಾಕಿದ ಹೊಸ ಮೋಟಾರಿನ ಹಾಗೆ ಅಂಗಳಕ್ಕಿಳಿದು ನಲವತ್ತೊಂದು ಅಂಕ ಬಾರಿಸಿದ. ಶುಕ್ರವಾರ ಮೂವತ್ತೆಂಟು. ಅಷ್ಟೂ ಅತ್ತೆಯ ಖಾತೆಗೆ. ಇಂಥ ಸಮಯದಲ್ಲಿ ಭಾವಮೈದುನ ಪಟ್ಟಿ ಕೊಡುವುದನ್ನು ಮರೆಯಬಾರದಿತ್ತೇ? ಮರೆತಿದ್ದ. ನಿಯಮದಂತೆ ಹಿಂದಿನ ವಾರದ ಹತ್ತು ಜನರೇ ಮುಂದುವರಿದರು, ಹತ್ತೂ ಜನ ಚೆನ್ನಾಗಿ ಆಡಿದರು.

ಶನಿವಾರ ಸಂಜೆ ನನಗೆ ತಡೆಯಲಾಗಲಿಲ್ಲ.

"ನೋಡಿ ಅತ್ತೆ, ಆ ಗುಮಾಸ್ತ ಕೊನೇ ಘಳಿಗೇಲಿ ಎಂಥಾ ಕೆಲಸ ಮಾಡ್ದ," ಎಂದೆ.

"ಕೊನೇ ಘಳಿಗೆ ಯಾಕೆ? ಒಂಬತ್ತು ತಿಂಗಳಿಂದ ನಡೀತಿತ್ತಲ್ಲ," ಎಂದರು ಅತ್ತೆ.

ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಅಪ್ಪಾ, ಅಜ್ಜಿಗೆ ಗೊತ್ತಿತ್ತು. ನೀನು ಬದಲಾಯಿಸ್ಕೊಂಡ್ಯಲ್ಲ, ಅದರ ಹಿಂದಿನ ದಿನ ಟೀವೀಲಿ ಪ್ರೇಕ್ಷಕರನ್ನ ತೋರಿಸ್ತಿದ್ರು. ಗುಮಾಸ್ತನ ಹೆಂಡತಿ ಎದ್ದು ನಿಂತು ಚಪ್ಪಾಳೆ ಹೊಡೀತಿದ್ಲು. ಅಜ್ಜಿ ಅಲ್ಲೇ ನಿಲ್ಲಿಸು ಅಂದ್ರು."

"ತುಂಬು ಬಸುರಿ, ಹೊಟ್ಟೆ ಆಗಲೇ ಕೆಳಗೆ ಇಳಿದಿತ್ತು," ಎಂದರು ಅತ್ತೆ. "ಅವಳಿ ಅಂತಲೂ ಅನ್ನಿಸ್ತು. ಹೆಚ್ಚೆಂದರೆ ಹತ್ತು ದಿನ ಅಂದ್ಕೊಂಡೆ. ಟವೆಲು ಮಡಚಿಡೋ ಗಂಡಸು ಹೆರಿಗೆಗೆ ರಜಾ ಹಾಕದೆ ಇರ್ತಾನಾ? ಇವನನ್ನ ಯಾರಿಗೆ ದಾಟಿಸೋದು ಅಂತ ಯೋಚನೆ ಮಾಡ್ತಿದ್ದೆ. ಅಷ್ಟರಲ್ಲಿ ನೀವೇ ಬಂದ್ರಿ."

"ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹಿಮ್ಮಡಿ ವಿಷಯ ನೀವು ಹೇಳಿದ್ರಾ?"

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ನಗು ಕೇಳಿಸಿತು. ನಾನು ಚಾಪೆಯ ಕೆಳಗೆ ತೂರಿದ್ದೆ, ಅತ್ತೆ ಒಂದು ದಿನ ಮೊದಲೇ ರಂಗೋಲಿಯ ಕೆಳಗೆ ತೂರಿ ಆಚೆ ಕುಳಿತಿದ್ದರು.

ಭಾನುವಾರದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಎಂದಿನಂತೆ ಅತ್ತೆ. ಭಾವಮೈದುನ ನಾಲ್ಕನೆಯವನಾಗಿದ್ದ, ನಾನು ಐದನೆಯವನು. ಅಂತರ ನಾಲ್ಕೇ ನಾಲ್ಕು ಅಂಕ. ನಗುವವರು ನಗಲಿ, ನನಗೆ ನಿಜವಾಗಿಯೂ ಸಂಕಟವಾಯಿತು. ಆ ಹತ್ತು ಜನರನ್ನು ನಾನು ಹನ್ನೆರಡು ವಾರ ಸಾಕಿದ್ದೆ. ಮುರಿದ ಮಣಿಕಟ್ಟಿನವನಿಗೆ ಪ್ಲಾಸ್ಟರು ಬಿಚ್ಚುವ ದಿನ ನನಗೆ ಬಾಯಿಪಾಠವಾಗಿತ್ತು. ಅವರನ್ನು ಬಿಟ್ಟುಕೊಟ್ಟು ಬಾಯಿ ಮುಚ್ಚಿಕೊಂಡು ನೋಡುವುದು ನನ್ನಿಂದಾಗದು ಎನ್ನಿಸಿತು.

ಆಗ ಹನ್ನೊಂದನೆಯ ನಿಯಮ ನೆನಪಾಯಿತು: ಯಾವ ನಿಯಮವನ್ನಾದರೂ ಬಹುಮತದಿಂದ ರದ್ದು ಮಾಡಬಹುದು, ತಂಡಕ್ಕೊಂದು ಮತ. ಐದರಲ್ಲಿ ಮೂರು ಮತ ಸಾಕು. ಹೆಂಡತಿಯ ಹೊಲಿಗೆ ಯಂತ್ರ ಬಿಚ್ಚಿ ಎಣ್ಣೆ ಹಾಕಿಕೊಡುತ್ತೇನೆಂದು ಮಾತುಕೊಟ್ಟೆ, ಅವಳು ಒಪ್ಪಿದಳು. ಭಾವಮೈದುನನಿಗೆ ಮಾತು ಕೊಡಬೇಕಾಗಲೇ ಇಲ್ಲ. ಮುಂದಿನ ವರ್ಷ ತನ್ನ ಗತಿಯೂ ಇದೇ ಎಂಬ ಭಯದಿಂದ ಅವನು ತಾನಾಗಿಯೇ ನನ್ನ ಕಡೆ ಬಂದ. ಅವರಿಬ್ಬರು, ನಾನೊಬ್ಬ, ಒಟ್ಟು ಮೂರು. ಸಂಜೆ ಆರಕ್ಕೆ ಮುಂದಿನ ಕೋಣೆಯಲ್ಲಿ ಸಭೆ ಕರೆದು ಏಳನೆಯ ನಿಯಮವನ್ನು ರದ್ದುಮಾಡುವ ನಿರ್ಣಯವನ್ನು ಗಂಭೀರವಾಗಿ ಮಂಡಿಸಿದೆ.

"ಪರವಾಗಿರೋರು ಕೈ ಎತ್ತಿ," ಎಂದಳು ಮಗಳು.

ಹೆಂಡತಿ ಎತ್ತಿದಳು. ಭಾವಮೈದುನ ಎತ್ತಿದ. ನಾನೂ ಎತ್ತಿದೆ.

"ಅಪ್ಪಾ, ಕೈ ಇಳಿಸು. ನಿನಗೀಗ ತಂಡ ಇಲ್ಲ. ಪಟ್ಟಿ ಅಂಟಿಸಿದ ಘಳಿಗೆಯಿಂದ ಆಡಳಿತಾಧಿಕಾರಿ ಬಂದಾಯ್ತು," ಎಂದಳು. "ಪರವಾಗಿ ಎರಡು. ವಿರುದ್ಧ ಇರೋರು?"

ಮಗಳು, ನಿಯಮ ಅಂದರೆ ನಿಯಮ ಎನ್ನುತ್ತ, ತನ್ನ ಕೈ ಎತ್ತಿದಳು. ಅತ್ತೆ ಎರಡೂ ಕೈ ಎತ್ತಿದರು.

"ಅತ್ತೆ, ಎರಡು ಕೈ ಯಾಕೆ?"

"ಬಲಗೈ ನನ್ನ ತಂಡದ್ದು," ಎಂದರು ಅತ್ತೆ. "ಎಡಗೈ ನಿಮ್ಮದು."

ಹೀಗೆ ನನ್ನ ನಿರ್ಣಯ ನನ್ನದೇ ತಂಡದ ಮತದಿಂದ ಬಿದ್ದುಹೋಯಿತು.