ಹಲ್ಲು ಕಿತ್ತರೆ ಹತ್ತು ಸಾವಿರ ಚಪ್ಪಾಳೆ

ಹಲ್ಲಿನ ಡಾಕ್ಟರ ಹತ್ತಿರ ಯಾರೂ ನಗಲಿಕ್ಕೆ ಬರುವುದಿಲ್ಲ. ಬರುವಾಗಲೇ ಗಲ್ಲ ಹಿಡಿದುಕೊಂಡು ಬರುತ್ತಾರೆ. ಆದರೂ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲಿರುವ ನನ್ನ ದವಾಖಾನೆಯಲ್ಲಿ ವಾರಕ್ಕೊಮ್ಮೆಯಾದರೂ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ತಪ್ಪು ನನ್ನದಲ್ಲ. ತಪ್ಪು ಒಂದು ಲೈವ್ ಆಲ್ಬಮ್ಮಿನದು.

ಐವತ್ತು ವರ್ಷದ ಹಿಂದೆ ಪರದೇಶದ ಐದು ಜನ ಉದ್ದಗೂದಲಿನವರು ಒಂದು ದೊಡ್ಡ ಸಭಾಂಗಣದಲ್ಲಿ ಹತ್ತು ಸಾವಿರ ಜನರ ಮುಂದೆ ಹಾಡಿ ಕುಣಿದದ್ದನ್ನು ಇದ್ದದ್ದು ಇದ್ದಂತೆ ರೆಕಾರ್ಡ್ ಮಾಡಿಟ್ಟದ್ದು ಅದು. ಹಾರ್ಡ್ ರಾಕ್. ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ಒಬ್ಬ ಸೀನಿಯರ್ ಕ್ಯಾಸೆಟ್ ಹಾಕಿ ಕೇಳಿಸಿದ. ಮೊದಲ ಗಿಟಾರು ಬಡಿದದ್ದೇ ತಡ, ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಅದೇ ಬ್ಯಾಂಡಿನ ಸ್ಟುಡಿಯೋ ಹಾಡುಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಅವು ಡಬ್ಬಿಯೊಳಗಿನ ಫೇಡೆ. ಇದು ಕಡಾಯಿಯಿಂದ ಎತ್ತಿ ಬಿಸಿಬಿಸಿಯಾಗಿ ಅಂಗೈಮೇಲೆ ಇಟ್ಟದ್ದು. ಎರಡನೇ ಹಾಡಿನಲ್ಲಿ ಗಿಟಾರಿನವನು ಒಂದು ಕಡೆ ತಪ್ಪುತ್ತಾನೆ, ಹಾಡುವವನಿಗೆ ನಗು ಬರುತ್ತದೆ. ಆ ನಗುವಿಗಾಗಿಯೇ ನಾನು ಇಪ್ಪತ್ತೈದು ವರ್ಷದಿಂದ ಕೇಳುತ್ತ ಬಂದಿದ್ದೇನೆ. ದವಾಖಾನೆ ತೆರೆದ ದಿನ ಕುರ್ಚಿಗಿಂತ ಮೊದಲು ಸ್ಪೀಕರ್ ತಂದಿದ್ದೆ.

ಹೆಂಗೂ ಮಂದಿ ಕೂಡ್ಯಾರ

ಒಂದು ದಿನ ಶಿರಗುಪ್ಪಿಯಿಂದ ಒಬ್ಬ ಅಜ್ಜ ಬಂದರು. ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದು ಕೂತರು. ಕೆಳಗಿನ ದವಡೆಯ ಹಲ್ಲು ಕೀಳುವುದಿತ್ತು. ಆಲ್ಬಮ್ಮು ಮೆಲ್ಲಗೆ ನಡೆದಿತ್ತು. ನಾನು ಇಕ್ಕಳ ಹಾಕಿ ಹಲ್ಲನ್ನು ಅತ್ತಿತ್ತ ಮಾಡಿ ಎಳೆದೆ. ಹಲ್ಲು ಹೊರಗೆ ಬಂದದ್ದೂ ಸ್ಪೀಕರಿನೊಳಗೆ ಹಾಡು ಮುಗಿದದ್ದೂ ಒಂದೇ ಕ್ಷಣ. ಹತ್ತು ಸಾವಿರ ಜನ ಹೋ ಎಂದು ಕೂಗಿ ಚಪ್ಪಾಳೆ ಹೊಡೆದರು.

ಅಜ್ಜ ಗಾಬರಿಯಿಂದ ಕಣ್ಣು ಬಿಟ್ಟರು. "ಡಾಕ್ಟರ, ಯಾರ್ರೀ ಅವ್ರೆಲ್ಲಾ?"

"ರೆಕಾರ್ಡ್ ಅಜ್ಜಾ. ಐವತ್ತು ವರ್ಷದ ಹಿಂದಿನ ಮಂದಿ ಅವ್ರು."

"ಹಲ್ಲು ಕಿತ್ತದ್ದು ಈಗ. ಐವತ್ತು ವರ್ಷದ ಹಿಂದಿನ ಮಂದಿಗೆ ಹೆಂಗ ಗೊತ್ತಾತು?"

ಅಜ್ಜ ಸ್ವಲ್ಪ ಹೊತ್ತು ಆ ಚಪ್ಪಾಳೆಯನ್ನೇ ಕೇಳುತ್ತ ಕೂತರು. ಮುಖ ಅರಳಿತು. ಆಮೇಲೆ ನಾಲಿಗೆಯಿಂದ ಪಕ್ಕದ ಹಲ್ಲನ್ನು ಮುಟ್ಟಿ ನೋಡಿಕೊಂಡು ಹೇಳಿದರು: "ಇದೂ ಒಂದೀಟು ಅಳ್ಳಾಡಾಕತ್ತೈತ್ರಿ. ಮುಂದಿನ ವಾರ ಬರಬೇಕಂತ ಮಾಡಿದ್ದೆ. ಹೆಂಗೂ ಮಂದಿ ಕೂಡ್ಯಾರ, ಇದನ್ನೂ ಕಿತ್ತಬಿಡ್ರಿ."

ಒಳಗೆ ಏನು ಒಡೀತಾರೆ

ದವಾಖಾನೆಯ ಹೊರಕೋಣೆಯಲ್ಲಿ ಹೆಸರು ಬರೆದುಕೊಳ್ಳುವ ಹೆಣ್ಣುಮಗಳನ್ನು ನಾವೆಲ್ಲ, ಈ ಕಡೆಯ ರೂಢಿಯಂತೆ, ಬಾಯಿಯವರು ಎಂದೇ ಕರೆಯುವುದು. ಹಲ್ಲಿನ ದವಾಖಾನೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕಲಿಕ್ಕಿಲ್ಲ. ಅವರಿಗೆ ಈ ಆಲ್ಬಮ್ಮು ಎಳ್ಳಷ್ಟೂ ಸೇರುವುದಿಲ್ಲ. ಆದರೆ ದಿನಾ ಕೇಳಿ ಕೇಳಿ ಅದನ್ನೇ ಗಡಿಯಾರ ಮಾಡಿಕೊಂಡಿದ್ದಾರೆ. ಫೋನಿನಲ್ಲಿ ಪೇಶಂಟುಗಳಿಗೆ, "ನಿಮ್ಮದು ಹಲ್ಲು ತೊಳೆಯೂದಲ್ಲರಿ? ಎರಡು ಹಾಡಿನಷ್ಟು ಹೊತ್ತು, ಲಗೂ ಮುಗೀತೈತಿ," ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ಆ ಆಲ್ಬಮ್ಮಿನಲ್ಲಿ ಒಂದು ಕಡೆ ಡ್ರಮ್ಮಿನವನೊಬ್ಬನೇ ಸುಮಾರು ಹೊತ್ತು ಬಾರಿಸುತ್ತಾನೆ. ಬೇರೆ ಏನೂ ಇಲ್ಲ, ಬರೀ ಬಡಿತ. ಒಂದು ಮಧ್ಯಾಹ್ನ ಒಳಗೆ ನಾನು ಒಬ್ಬರ ಬುದ್ಧಿಹಲ್ಲಿನ ಜೊತೆ ಗುದ್ದಾಡುತ್ತಿದ್ದೆ. ಆಗಲೇ ಅದು ಸುರುವಾಯಿತು. ಹೊರಗೆ ಮೂವರು ಕೂತಿದ್ದರು. ಅವರಲ್ಲೊಬ್ಬರು ಬಾಗಿಲ ಕಡೆ ನೋಡಿ ಬಾಯಿಯವರನ್ನು ಕೇಳಿದರಂತೆ, "ಒಳಗ ಏನ್ ಒಡ್ಯಾಕತ್ತಾರ್ರಿ?"

ಬಾಯಿಯವರು ಪುಸ್ತಕದಿಂದ ತಲೆ ಎತ್ತದೆ ಹೇಳಿದರು, "ಹಲ್ಲು."

ನಾನು ಕೈ ತೊಳೆದು ಹೊರಗೆ ಬಂದಾಗ ಮೂರು ಕುರ್ಚಿಗಳೂ ಖಾಲಿ. ಒಬ್ಬರಂತೂ ಚಪ್ಪಲಿ ಬಿಟ್ಟೇ ಹೋಗಿದ್ದರು.

ಮೂರು ಇಂಜೆಕ್ಷನ್

ಗಬ್ಬೂರಿನ ಬೈಪಾಸಿನ ಹತ್ತಿರ ಗ್ಯಾರೇಜ್ ಇಟ್ಟಿರುವ ಮಿಸ್ತ್ರಿಯೊಬ್ಬರು ಹುಳುಕು ಹಲ್ಲು ತೋರಿಸಲಿಕ್ಕೆ ಬಂದರು. ಲಾರಿಯ ಇಂಜಿನ್ನನ್ನೇ ಕೆಳಗಿಳಿಸುವ ಗಟ್ಟಿ ಆಳು. ನಾನು ಮಶಿನ್ ಹಚ್ಚಿ ಹಲ್ಲು ಕೊರೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಅವರ ಗಂಟಲಿನಿಂದ "ಊಂಯ್... ಊಂಊಂಯ್" ಎಂದು ದನಿ ಬಂತು. ಪಾಪ, ನೋವಾಗುತ್ತಿದೆ ಎಂದು ಒಂದು ಇಂಜೆಕ್ಷನ್ ಕೊಟ್ಟೆ. ಮತ್ತೆ ಸುರು ಮಾಡಿದೆ. ಮತ್ತೆ "ಊಂಯ್". ಈ ಸಲ ಕಾಲೂ ಒದೆಯುತ್ತಿದ್ದರು. ಇನ್ನೊಂದು ಕೊಟ್ಟೆ. ಸ್ವಲ್ಪ ಹೊತ್ತಿಗೆ ಎರಡೂ ಕೈ ಎತ್ತಿ ಗಾಳಿಯಲ್ಲಿ ಬೆರಳು ಆಡಿಸಿದರು. ಮೂರನೆಯದನ್ನೂ ಕೊಟ್ಟೆ.

ಕೆಲಸ ಮುಗಿದು ಬಾಯಿ ಮುಕ್ಕಳಿಸಿ, ಸೊಟ್ಟ ತುಟಿಯಿಂದ ಮಿಸ್ತ್ರಿ ಹೇಳಿದರು: "ಡಾಕ್ಟರ್ ಸಾಹೇಬ್ರ, ಮೊದಲನೇ ಸೂಜಿಗೇ ನೋವು ಹೋಗಿತ್ರಿ."

"ಮತ್ತ್ಯಾಕ ಚೀರಾಕತ್ತಿದ್ರಿ?"

"ಚೀರಲಿಲ್ರೀ. ಅವಾ ಗಿಟಾರು ಹೊಡ್ಯಾಕತ್ತಿದ್ದನಲ್ಲ, ಸಾಥ್ ಕೊಟ್ಟೆ."

ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡೆ ಕೂಡ. ಇಡೀ ಹುಬ್ಬಳ್ಳಿಯಲ್ಲಿ ನಾನೊಬ್ಬನೇ ಹುಚ್ಚ ಎಂದು ಇಷ್ಟು ವರ್ಷ ತಿಳಿದಿದ್ದೆನಲ್ಲ! ಯಾವುದೋ ರಿಪೇರಿಗೆ ಬಂದ ಜೀಪಿನ ಕ್ಯಾಸೆಟ್ಟಿನಲ್ಲಿ ಅವರು ಅದನ್ನು ಮೊದಲು ಕೇಳಿದ್ದಂತೆ. ಮೂರು ದಿನದ ಕೆಲಸಕ್ಕೆ ಎಂಟು ದಿನ ಹಚ್ಚಿದರಂತೆ. ಇಬ್ಬರೂ ನಿಂತು ಪೂರ್ತಿ ಒಂದು ಹಾಡು ಕೂಡಿ ಹಾಡಿದೆವು. ಅವರ ಪಾಲಿಗೆ ಅರ್ಧ ಬಾಯಿ ಮಾತ್ರ ಕೆಲಸ ಮಾಡುತ್ತಿತ್ತು. ಬಾಯಿಯವರು ಬಾಗಿಲಲ್ಲಿ ಬಂದು ನಿಂತು ಹೇಳಿದರು, "ಸರ್, ಅರ್ಧ ಬಾಯಿ ಅವ್ರಽ ಛಲೋ ಹಾಡಾಕತ್ತಾರ್ರಿ."

ಐದು ಮಂದಿ ಅಜ್ಜಾರು

ಹೀಗೆ ಇಬ್ಬರಾದೆವು. ಮೂರನೆಯವರನ್ನು ಮಿಸ್ತ್ರಿಯೇ ಹುಡುಕಿದರು. ಧಾರವಾಡದ ಒಬ್ಬ ನಿವೃತ್ತ ಕನ್ನಡ ಮಾಸ್ತರು. ಧೋತರ, ಕೋಟು, ಕೈಯಲ್ಲಿ ಛತ್ರಿ. ಅವರ ಸ್ಕೂಟರ್ ರಿಪೇರಿ ಮಾಡುವಾಗ ಗ್ಯಾರೇಜಿನಲ್ಲಿ ಆಲ್ಬಮ್ಮು ಹಾಡುತ್ತಿತ್ತು. ಮಾಸ್ತರು ಛತ್ರಿಯಿಂದ ನೆಲಕ್ಕೆ ತಾಳ ಹಾಕಿ ಸಿಕ್ಕಿಬಿದ್ದರು. ಅವರ ಮನೆಯಲ್ಲಿ ಹಳೇ ರೆಕಾರ್ಡ್ ಪ್ಲೇಯರ್ ಇತ್ತು, ಆಲ್ಬಮ್ಮಿನ ತಟ್ಟೆ ಇರಲಿಲ್ಲ. ನಾನು ಎಲ್ಲೆಲ್ಲೋ ಹುಡುಕಿಸಿ, ಆ ಕಾಲದ್ದೇ ಒಂದು ತಟ್ಟೆ ತರಿಸಿದೆ.

ಅದು ಬಂದ ದಿನ ನನಗೆ ಊಟ ಸೇರಲಿಲ್ಲ. ಬಿಸಿಲು ತಾಗಬಾರದೆಂದು ಹೆಂಡತಿಯ ಹೊಸ ಶಾಲಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಮಿಸ್ತ್ರಿಯ ಜೊತೆ ಧಾರವಾಡದ ಬಸ್ ಹತ್ತಿದೆ. ಬಸ್ಸು ಗಚ್ಚಾಗಿ ತುಂಬಿತ್ತು. ಕೂತಿದ್ದ ಒಬ್ಬ ಹಿರಿಯಾಕೆ ನನ್ನನ್ನೂ ಶಾಲನ್ನೂ ನೋಡಿ ಕೇಳಿದರು, "ದೇವ್ರ ಫೋಟೋ ಏನ್ರಿ ಅಣ್ಣಾರ?"

ನಾನು ತಡವರಿಸಿದೆ. ಮಿಸ್ತ್ರಿ ಹಿಂದಿನಿಂದ, "ಹಂಗಽ ಅನ್ಕೋರ್ರಿ ಅವ್ವಾರ," ಎಂದರು.

ತಾಯಿ ಎದ್ದು ನನಗೆ ಜಾಗ ಕೊಟ್ಟರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಬಸ್ಸು ಬ್ರೇಕ್ ಹಾಕಿತು, ಶಾಲು ಜಾರಿತು. ರಟ್ಟಿನ ಮೇಲೆ ಐದು ಜನ. ಭುಜದವರೆಗೆ ಕೂದಲು, ಎದೆಯವರೆಗೆ ಗಡ್ಡ. ಒಬ್ಬನ ಮೈಮೇಲೆ ಅಂಗಿಯೇ ಇಲ್ಲ, ಕೊರಳಲ್ಲಿ ಮಣಿಸರ.

ತಾಯಿ ಬಗ್ಗಿ ನೋಡಿ ಕೈ ಮುಗಿದರು. "ಯಾವ ಮಠದ ಅಜ್ಜಾರ್ರೀ ಇವ್ರು? ಐದೂ ಮಂದಿ ಒಂದಽ ಮಠದವ್ರೇನು?"

ಮಿಸ್ತ್ರಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಒಂದಽ ಕಡೆ ಇದ್ರು ನೋಡ್ರಿ. ಆಮ್ಯಾಲ ತಮ್ಮ ತಮ್ಮೊಳಗ ಜಗಳಾಡಿ ಬ್ಯಾರೆ ಬ್ಯಾರೆ ಆದ್ರು," ಎಂದರು.

ತಾಯಿ ನಿಟ್ಟುಸಿರು ಬಿಟ್ಟರು. "ಎಲ್ಲಾ ಕಡೆ ಹಂಗಽ ನಡದೈತಿ ಬಿಡ್ರಿ."

ಧಾರವಾಡದವನೋ ಹುಬ್ಬಳ್ಳಿಯವನೋ

ತಟ್ಟೆ ತಿರುಗಿತು. ಮಾಸ್ತರ ಪಡಸಾಲೆಯಲ್ಲಿ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಮೊದಲ ಹೊಡೆತಕ್ಕೆ ಕಪಾಟಿನ ಗಾಜು ನಡುಗಿತು. ಮಾಸ್ತರ ಕಣ್ಣಲ್ಲಿ ನೀರು.

ಮೂರನೇ ಹಾಡಿಗೂ ನಾಲ್ಕನೇ ಹಾಡಿಗೂ ನಡುವೆ ಎರಡು ಸೆಕೆಂಡು ಎಲ್ಲ ಸುಮ್ಮನಾಗುತ್ತದೆ. ಆಗ ಜನರ ನಡುವಿನಿಂದ ಯಾವನೋ ಒಬ್ಬ ಏನೋ ಕೂಗುತ್ತಾನೆ. ಅವನು ಏನು ಕೂಗಿದ ಎಂಬುದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಜಗತ್ತಿನ ಅಭಿಮಾನಿಗಳು ಇವತ್ತಿಗೂ ಬಡಿದಾಡುತ್ತಾರೆ. ಒಬ್ಬರು ಹಾಡಿನ ಹೆಸರು ಎನ್ನುತ್ತಾರೆ, ಇನ್ನೊಬ್ಬರು ಹುಡುಗಿಯ ಹೆಸರು ಎನ್ನುತ್ತಾರೆ. ಮಾಸ್ತರು ಅಲ್ಲಿಗೇ ಮುಳ್ಳು ಇಟ್ಟು ಹತ್ತು ಸಲ ಕೇಳಿಸಿದರು.

ಹನ್ನೊಂದನೇ ಸಲ ಮಿಸ್ತ್ರಿ ನೆಟ್ಟಗೆ ಕೂತರು. "ತಡೀರಿ, ತಡೀರಿ! ಇದು ನಮ್ಮ ಭಾಷಾ ಐತ್ರಿ! 'ಲೇ, ಕುಂದ್ರಲೇ!' ಅನ್ನಾಕತ್ತಾನ. ಮುಂದ ಯಾವನೋ ಎದ್ದ ನಿಂತಾನ, ಹಿಂದಿನವಗ ಕಾಣವಲ್ದು."

ಮತ್ತೊಮ್ಮೆ ಹಾಕಿದೆವು. ಅಯ್ಯೋ! ಒಮ್ಮೆ ಹಾಗೆ ಕೇಳಿಸಿದ ಮೇಲೆ ಇನ್ನು ಬೇರೆ ಥರ ಕೇಳಿಸುವುದೇ ಇಲ್ಲ. ಸ್ಪಷ್ಟವಾಗಿ, ಬೆರಳು ತೋರಿಸಿ ಹೇಳಿದ ಹಾಗೆ, ಲೇ ಕುಂದ್ರಲೇ! ನನ್ನ ಮೈಮೇಲೆ ಮುಳ್ಳು ಎದ್ದವು. ನಮ್ಮವನೊಬ್ಬ ಆ ಸಭಾಂಗಣದಲ್ಲಿದ್ದ! ನಾನೂ ಮಿಸ್ತ್ರಿಯೂ ಕೈ ಹಿಡಿದು ಪಡಸಾಲೆಯ ತುಂಬ ಕುಣಿದೆವು. "ಧಾರವಾಡದವನಽ ಇರಬೇಕು, ಮಾಸ್ತರ! ನಿಮ್ಮ ಊರಾಂವಽ!" ಎಂದೆ ನಾನು.

ಮಾಸ್ತರು ಚಷ್ಮಾ ಒರೆಸಿಕೊಂಡು, ಗಂಭೀರವಾಗಿ ತಲೆ ಅಲ್ಲಾಡಿಸಿದರು. "ಸಾಧ್ಯ ಇಲ್ಲ. ಧಾರವಾಡದವ ಇದ್ದಿದ್ರ, 'ತಾವು ಸ್ವಲ್ಪ ಕೂತ್ರ ಭಾಳ ಉಪಕಾರ ಆಗ್ತದರೀ' ಅಂತಿದ್ದ. ಅಷ್ಟು ಹೇಳೂದ್ರಾಗ ಮುಂದಿನ ಹಾಡು ಸುರು ಆಗ್ತಿತ್ತು. ಎರಡು ಸೆಕೆಂಡಿನ್ಯಾಗ ಮುಗಿಸ್ಯಾನ ಅಂದ್ರ, ಅವ ಹುಬ್ಬಳ್ಳಿಯವನಽ."

ಒಂದು ತಾಸು

ಇನ್ನೊಂದು ಹೇಳಲೇಬೇಕು. ನಮ್ಮ ಊರಿನದೇ ಒಂದು ಹೊಸ ಬ್ಯಾಂಡು ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆ ಹಾಡುತ್ತದೆ ಎಂದು ಸುದ್ದಿ ಬಂತು. ರವಿವಾರ ಸಂಜೆ ನಾಲ್ಕಕ್ಕೆ, ದವಾಖಾನೆಯಿಂದ ಎರಡು ಗಲ್ಲಿ ಆಚೆಗಿನ ಸಭಾಂಗಣದಲ್ಲಿ. ನಾವು ಮೂವರೂ ಮೂರು ಗಂಟೆಗೇ ಹೋಗಿ ಮುಂದಿನ ಸಾಲು ಹಿಡಿದೆವು. ಬಾಯಿಯವರನ್ನೂ ಕರೆದುಕೊಂಡು ಹೋಗಿದ್ದೆ. ಕಿವಿಗೆ ಅರಳೆ ತುರುಕಿಕೊಂಡು ಬಂದಿದ್ದರು.

ಹುಡುಗರು ಎಂಥಾ ಹುಡುಗರು! ಡ್ರಮ್ಮಿಗೆ ಕೂತವಳು ಒಬ್ಬ ಹುಡುಗಿ, ಕೈ ಕಾಣದಷ್ಟು ಜೋರು. ಹಾಡುವಾತ ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನಂತೆ. ಆದರೆ ಬಾಯಿ ತೆರೆದರೆ ಆ ಪರದೇಶದವನ ಅವಳಿ ತಮ್ಮ. ಎರಡು ಹಾಡು ಮುಗಿಯುವಷ್ಟರಲ್ಲಿ ನಮ್ಮ ಮೂವರ ಗಂಟಲೂ ಕೂತಿತ್ತು.

ಮೂರನೇ ಹಾಡಿನಲ್ಲಿ ಆತ ಮೈಕನ್ನು ಮೇಲೆ ಎಸೆದು ಹಿಡಿಯಲು ಹೋದ. ಮೈಕು ಬಂದು ನೇರ ಬಾಯಿಗೆ ಬಡಿಯಿತು. ಮುಂದಿನ ಹಲ್ಲಿಗೆ ಹಾಕಿಸಿದ್ದ ಕ್ಯಾಪು ಟಣ್ ಎಂದು ಹಾರಿ ವೇದಿಕೆಯ ಮೇಲೆ ಉರುಳಿತು. ಹಾಡು ನಿಂತಿತು. ಗಿಟಾರಿನ ಹುಡುಗ ಮೈಕಿನಲ್ಲಿ ಕೇಳಿದ, "ಹಲ್ಲಿನ ಡಾಕ್ಟರ್ ಯಾರರ ಅದಾರೇನ್ರಿ?"

ಇಪ್ಪತ್ತೈದು ವರ್ಷದಿಂದ ನಾನು ಕಂಡ ಕನಸು ಒಂದೇ: ಈ ಆಲ್ಬಮ್ಮಿನ ವೇದಿಕೆ ಹತ್ತಬೇಕು. ಗಿಟಾರ್ ಬಾರದವನಿಗೆ ಇಂಥ ಅವಕಾಶ ಇನ್ನೆಲ್ಲಿ? ಒಂದೇ ನೆಗೆತಕ್ಕೆ ಮೇಲೆ ಹೋದೆ. ಬಾಯಿಯವರು ಓಡಿಹೋಗಿ ದವಾಖಾನೆಯಿಂದ ಕ್ಯಾಪು ಅಂಟಿಸುವ ಸಿಮೆಂಟಿನ ಪೆಟ್ಟಿಗೆ ತಂದರು. ಅಷ್ಟರಲ್ಲಿ ಮಿಸ್ತ್ರಿ, "ನನ್ನ ಕಡೆ ಗ್ಯಾಸ್ಕೆಟ್ಟಿಗೆ ಹಚ್ಚೋ ಅಂಟು ಐತ್ರಿ, ಕೊಡ್ಲೇನು? ಜನ್ಮದಾಗ ಬಿಡೂದಿಲ್ಲ," ಎಂದು ಕೂಗುತ್ತಿದ್ದರು. ಮಾಸ್ತರು ಮೊಬೈಲಿನ ಬೆಳಕು ಹಿಡಿದರು. ಹುಡುಗನ ಬಾಯಿಯಲ್ಲಿ ಒಂದು ಹನಿ ರಕ್ತವಿಲ್ಲ, ಹಲ್ಲು ಗಟ್ಟಿಯಿತ್ತು. ಐದು ನಿಮಿಷದಲ್ಲಿ ಕ್ಯಾಪು ಕೂತಿತು. ಹುಡುಗನ ಬಾಯಿಗೆ ಅರಳೆಯ ಉಂಡೆ ಇಟ್ಟು, ಬೆನ್ನು ತಟ್ಟಿ ಹೇಳಿದೆ: "ಗಟ್ಟಿ ಕಚ್ಚಿ ಹಿಡಿ ತಮ್ಮಾ. ಒಂದು ತಾಸು ಬಾಯಿ ತೆರೀಬ್ಯಾಡ."

ಅದು ದಿನಾ ಇಪ್ಪತ್ತು ಸಲ ಹೇಳುವ ಮಾತು. ಬಾಯಿಗೆ ತಾನಾಗಿಯೇ ಬಂದುಬಿಟ್ಟಿತು. ಮೈಕು ಪಕ್ಕದಲ್ಲೇ ಇದ್ದುದರಿಂದ ಇಡೀ ಸಭಾಂಗಣಕ್ಕೆ ಕೇಳಿಸಿತು. ಹುಡುಗ ಅರಳೆ ಕಚ್ಚಿಕೊಂಡು, ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದ. ಡ್ರಮ್ಮಿನ ಹುಡುಗಿ ಕೋಲು ಕೆಳಗಿಟ್ಟಳು. "ಹಂಗಾರ ಉಳಿದ ಹಾಡು ಯಾರು ಹಾಡವ್ರ್ರೀ?"

ನಾನು ಮಿಸ್ತ್ರಿಯನ್ನು ನೋಡಿದೆ. ಮಿಸ್ತ್ರಿ ಮಾಸ್ತರನ್ನು ನೋಡಿದರು. ಮಾಸ್ತರು ಆಗಲೇ ಛತ್ರಿ ಕೆಳಗಿಟ್ಟು, ಧೋತರ ಎತ್ತಿಕಟ್ಟಿ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರು.

ಹಾಡಿದೆವು! ಒಂದು ಮೈಕು, ಮೂರು ಬಾಯಿ. ಮೂವರೂ ಹೆಗಲ ಮೇಲೆ ಕೈ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದಕ್ಷರ ಬಿಡದೆ ಹಾಡಿದೆವು. ಜನ ಹುಚ್ಚೆದ್ದು ಕೂಗುತ್ತಿದ್ದರು. ಬೈಯುತ್ತಿದ್ದರೋ ಹೊಗಳುತ್ತಿದ್ದರೋ ನಮಗೆ ತಿಳಿಯಲಿಲ್ಲ, ತಿಳಿಯುವುದು ಬೇಕಾಗಿಯೂ ಇರಲಿಲ್ಲ. ನನ್ನ ಜನ್ಮ ಸಾರ್ಥಕವಾಗಿತ್ತು.

ನಾವು ಹಾಡಿದ ಎರಡನೇ ಹಾಡಿನ ನಡುವೆ ಯಾರೋ ಹೆಗಲು ತಟ್ಟಿದರು. ನೋಡಿದರೆ ಆ ಹುಡುಗ. ಬಾಯಿ ತೆರೆಯುವಂತಿಲ್ಲ, ಮೊಬೈಲಿನಲ್ಲಿ ಏನೋ ಬರೆದು ನನ್ನ ಕಣ್ಣ ಮುಂದೆ ಹಿಡಿದಿದ್ದ. ಮುಂದಿನ ಹಾಡಿನ ಸಾಲುಗಳಿರಬೇಕು, ಎಂಥ ದೊಡ್ಡ ಮನಸ್ಸು ಎಂದುಕೊಂಡು ಚಷ್ಮಾ ಏರಿಸಿ ಓದಿದೆ:

"ಸರ್, ಕೈ ಮುಗೀತೇನಿ. ಹಲ್ಲು ಬೇಕಾದ್ರ ಬಿದ್ದು ಹೋಗಲಿ, ನಾನಽ ಹಾಡ್ತೇನಿ."