ಹತ್ತು ಲಕ್ಷದ ಒಂದು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಸುಲಭವೆಂದು ಹೇಳುವವರು ಯಾರೂ ಮೈಕಿನ ಮುಂದೆ ನಿಂತವರಲ್ಲ. ಮೈಕು ಕೈಗೆ ಬಂದರೆ ನನಗಂತೂ ಗೊತ್ತಿಲ್ಲದ ಸಂಗತಿಗಳೇ ಮೊದಲು ಬಾಯಿಗೆ ಬರುತ್ತವೆ. ನಾನು ಶಿಕಾರಿಪುರದಲ್ಲಿ ಕನ್ನಡ ಮೇಷ್ಟ್ರು. ನಮ್ಮ ಶಾಲೆಯಲ್ಲಿ ಶಿಕಾರಿಪುರ ಮತ್ತು ಸೊರಬದ ಮಕ್ಕಳಿಗೆ ಗಣಿತ ರಸಪ್ರಶ್ನೆ ಏರ್ಪಾಡಾಗಿತ್ತು. ಪ್ರಶ್ನೆ ಕೇಳಬೇಕಿದ್ದ ಗಣಿತದ ಮೇಷ್ಟ್ರು ಜ್ವರ ಬಂದು ಮಲಗಿಬಿಟ್ಟರು. “ಬರೆದಿಟ್ಟಿದ್ದನ್ನ ಓದೋದಷ್ಟೇ ರೀ, ನಿಮ್ಮ ಕಂಠ ಚಲೋ ಐತಿ” ಎಂದು ಹೆಡ್‌ಮಾಸ್ಟರು ನನ್ನನ್ನು ವೇದಿಕೆ ಹತ್ತಿಸಿದರು.

ಕಂಠಕ್ಕೇನೂ ತೊಂದರೆಯಿರಲಿಲ್ಲ, ತೊಂದರೆಯಿದ್ದದ್ದು ನೆಂಟಸ್ತಿಕೆಯಲ್ಲಿ. ನನ್ನ ಹೆಂಡತಿಯ ತವರು ಸೊರಬದ ಕಡೆಯ ಕುಪ್ಪಗಡ್ಡೆ. ಸೊರಬ ತಂಡದ ಸಹನಾ ಅದೇ ಊರಿನ ಹುಡುಗಿ. ಅವಳನ್ನು ಕರೆತಂದಿದ್ದ ನನ್ನ ಮಾವನವರು ಮುಂದಿನ ಸಾಲಿನಲ್ಲೇ ಕೈಕಟ್ಟಿ ಕೂತಿದ್ದರು. ಸೊರಬ ಗೆದ್ದರೆ ನಮ್ಮೂರಿನವರು ನನ್ನನ್ನು ನೋಡಿ ನಗುತ್ತಾರೆ. ಸೋತರೆ ಮನೆಯಲ್ಲಿ ನಗುವವರೇ ಇರುವುದಿಲ್ಲ.

ಬರೆದಿಟ್ಟ ಪ್ರಶ್ನೆಗಳು ಮುಗಿದವು, ಎರಡೂ ತಂಡಗಳ ಅಂಕಗಳು ಸಮವಾದವು. “ಇನ್ನೊಂದು ಕೇಳಿ ಮುಗಿಸ್ರಿ” ಎಂದರು ಹೆಡ್‌ಮಾಸ್ಟರು. ನಾನು ಹುರುಪಿನಲ್ಲಿ ಬೋರ್ಡಿನ ಮೇಲೆ ಒಂದು ಬರೆದು, ಐದು ಸೊನ್ನೆ ಸುತ್ತಿ, ಕೊನೆಗೆ ಮತ್ತೊಂದು ಒಂದು ಇಟ್ಟೆ: 1000001. “ಹತ್ತು ಲಕ್ಷದ ಒಂದು. ಇದು ಅವಿಭಾಜ್ಯ ಸಂಖ್ಯೆಯೇ? ಅಂದರೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಪೂರ್ತಿ ಭಾಗವಾಗದ ಸಂಖ್ಯೆಯೇ?” ಸಭೆ ಗಂಭೀರವಾಯಿತು. ಆ ಗಾಂಭೀರ್ಯದ ನಡುವೆ, ಉತ್ತರ ನನಗೂ ಗೊತ್ತಿಲ್ಲವೆಂಬುದು ಹೊಳೆಯಿತು.

ಎರಡೂ ತಂಡದವರು ಒಂದೇ ಉತ್ತರ ಹೇಳಿದರೆ ತಲೆದೂಗಿಬಿಡೋಣ ಎಂದುಕೊಂಡೆ. ಶಿಕಾರಿಪುರದ ಮಂಜುನಾಥ “ಹೌದು” ಎಂದ, ಸಹನಾ “ಅಲ್ಲ” ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕನ್ನಡಕ ಸರಿಮಾಡಿಕೊಂಡು, “ಕಾರಣ ಹೇಳಿ” ಎಂದೆ.

“ಕೊನೇಗೆ ಒಂದೈತಿ ಸರ, ಎರಡು, ಐದು ಹೋಗಂಗಿಲ್ಲ,” ಎಂದ ಮಂಜುನಾಥ. “ಅಂಕಿ ಕೂಡಿದ್ರ ಎರಡು, ಮೂರೂ ಹೋಗಂಗಿಲ್ಲ. ಏಳು, ಹನ್ನೊಂದು, ಹದಿಮೂರನ್ನೂ ನೋಡೀನಿ.” ನನಗೆ ಪೂರ್ತಿ ನಂಬಿಕೆ ಬಂತು. ಕೈಯೆತ್ತಿ ತೀರ್ಪು ಹೇಳಬೇಕು, ಅಷ್ಟರಲ್ಲಿ ಮಾವನವರು ಕೆಮ್ಮಿದರು. ಎತ್ತಿದ ಕೈ ತಾನಾಗಿಯೇ ಸಹನಾಳ ಕಡೆ ಹೋಯಿತು.

“ಸರ್, ಹತ್ತು ಲಕ್ಷ ಅಂದ್ರೆ ನೂರರ ಘನ,” ಎಂದಳು ಅವಳು. “ಒಂದು ಅಂದ್ರೆ ಒಂದರ ಘನ. ಎರಡು ಘನ ಕೂಡಿದ್ರೆ, ಆ ನೂರು, ಒಂದರ ಮೊತ್ತದಿಂದ ಭಾಗ ಹೋಗ್ಲೇಬೇಕು. ನೂರಾ ಒಂದರಿಂದ ಹೋಗುತ್ತೆ.” ಬೋರ್ಡಿಗೆ ಬಂದು, 9901ನ್ನು ನೂರಾ ಒಂದರಿಂದ ಗುಣಿಸಿ ತೋರಿಸಲು, ಅದರ ನೂರರಷ್ಟು 990100 ಬರೆದು, ಕೆಳಗೆ ಇನ್ನೊಂದು 9901 ಬರೆದು ಕೂಡಿದಳು. ಘನದ ಮಾತು ನನ್ನ ತಲೆಯ ಮೇಲಿಂದ ಹಾದುಹೋಗಿತ್ತು, ಆದರೆ ಕೂಡುವುದು ನನಗೆ ಬರುತ್ತದೆ. ಒಂದು, ಐದು ಸೊನ್ನೆ, ಒಂದು.

ಮಂಜುನಾಥ ಎದ್ದು ಬಂದು ತಾನೂ ಕೂಡಿ ನೋಡಿದ. “ಹೌದ್ರಿ ಸರ. ನಾ ಹದಿಮೂರಕ್ಕೇ ನಿಂತುಬಿಟ್ಟೆ” ಎಂದು ಮೊದಲ ಚಪ್ಪಾಳೆ ತಾನೇ ತಟ್ಟಿದ. ಆಗ ನಾನು ಬಿಟ್ಟ ನಿಟ್ಟುಸಿರು ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತಂತೆ.

ಹೊರಗೆ ಮಾವನವರು, “ನಮ್ಮೂರ ಹುಡ್ಗಿ ಅಂತ ಸುಲಭದ್ದೇನೂ ಕೇಳ್ಲಿಲ್ಲ ಮಾರಾಯ್ರೆ ನೀವು” ಎಂದು ಬೆನ್ನು ತಟ್ಟಿದರು. ಹೆಡ್‌ಮಾಸ್ಟರು ಇನ್ನೂ ಮುಂದೆ ಹೋದರು: “ಮಾವನೋರು ಎದುರಿಗಿದ್ರೂ ಉತ್ತರ ನಿಮ್ಮ ಮುಖದಾಗ ಒಂಚೂರೂ ಕಾಣ್ಲಿಲ್ಲ ನೋಡ್ರಿ. ನಿಷ್ಪಕ್ಷಪಾತ ಅಂದ್ರ ಇದು.” ಇಲ್ಲದ ಉತ್ತರ ಮುಖದಲ್ಲಿ ಕಾಣುವುದಾದರೂ ಹೇಗೆ? ಮುಂದಿನ ವರ್ಷವೂ ನಾನೇ ತೀರ್ಪುಗಾರನಾಗಬೇಕೆಂದು ಅಲ್ಲೇ ನಿರ್ಧಾರವಾಯಿತು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಅದನ್ನೂ ಅವರು ವಿನಯವೆಂದೇ ತಿಳಿದರು.