ಕಿತ್ತಳೆ ಸಸಿಗೆ ಜಿಪ್ಪಿನ ಕೋಟು

ತಂಗಿಯ ಬಾಣಂತನಕ್ಕೆಂದು ಒಂದು ತಿಂಗಳ ಮಟ್ಟಿಗೆ ಹೊರಟ ನನ್ನ ಹೆಂಡತಿ ನನಗೆ ಮನೆಯನ್ನು ಒಪ್ಪಿಸಲಿಲ್ಲ, ಬೀರುವಿನ ಬೀಗದಕೈಯನ್ನೂ ಒಪ್ಪಿಸಲಿಲ್ಲ. ಒಪ್ಪಿಸಿದ್ದು ಅಂಗಳದ ಒಂದು ಕಿತ್ತಳೆ ಸಸಿಯನ್ನು. ಸೊಂಟದೆತ್ತರದ ಸಸಿ, ಮೈಮೇಲೆ ನಲವತ್ತಮೂರು ಎಲೆ. (ಎಣಿಸಿದ್ದು ನಾನಲ್ಲ, ಅವಳು. ಎರಡು ಸಲ.)

"ನೋಡಿ, ಇದು ನಮ್ಮಪ್ಪ ಕೈಯಾರೆ ಕಟ್ಟಿದ ಕೊನೇ ಕಸಿ. ಅವರಂತೂ ಹೋದ್ರು. ಇದಕ್ಕೇನಾದ್ರೂ ಆದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಪೂರ್ತಿ ಬೈದಿದ್ದರೆ ಹೆದರುತ್ತಿರಲಿಲ್ಲ, ಅದು ರೂಢಿಯಾಗಿದೆ. ಅರ್ಧಕ್ಕೆ ನಿಂತ ಮಾತಿಗೆ ಹೆದರಿದೆ. ಹಿಂದೆ ನನ್ನ ಸುಪರ್ದಿಗೆ ಬಂದಿದ್ದ ಎರಡು ಗುಲಾಬಿ ಗಿಡಗಳು ಪರಲೋಕ ಸೇರಿದ್ದು ಇಬ್ಬರಿಗೂ ನೆನಪಿತ್ತು.

ಐದನೆಯ ದಿನ ಬೆಳಿಗ್ಗೆ ಎಲೆಗಳ ಮೇಲೆ ಹಕ್ಕಿ ಹಿಕ್ಕೆ ಕಂಡಿತು. ಕಪ್ಪು ಬಿಳುಪಿನ ಪುಟ್ಟ ಪುಟ್ಟ ಹಿಕ್ಕೆ, ಎಂಟೋ ಒಂಬತ್ತೋ. ಗುಬ್ಬಚ್ಚಿಗಳೂ ಅಲ್ಲೇ ಕುಪ್ಪಳಿಸುತ್ತಿದ್ದವು. ಮಾವನವರ ಕೊನೆಯ ಕಸಿಯನ್ನು ಈ ಹಕ್ಕಿಗಳು ಶೌಚಾಲಯ ಮಾಡಿಕೊಂಡಿವೆಯಲ್ಲ ಎಂದು ರಕ್ತ ಕುದಿಯಿತು.

ನಾನು ಟೈಲರ್. ಕಷ್ಟ ಬಂದಾಗ ಬೇರೆಯವರು ದೇವರನ್ನು ನೆನೆದರೆ ನಾನು ಅಳತೆ ಟೇಪು ಹುಡುಕುತ್ತೇನೆ. ಸಸಿಯ ಎದೆ, ಸೊಂಟ, ಉದ್ದ ಅಳೆದು, ಸೊಳ್ಳೆ ಪರದೆಯ ಬಟ್ಟೆಯಲ್ಲಿ ಒಂದು ಕೋಟು ಹೊಲಿದೆ. ಮುಂದುಗಡೆ ಜಿಪ್ಪು, ಬುಡದಲ್ಲಿ ಎಲಾಸ್ಟಿಕ್. ಗಿರಾಕಿಗಳಿಗೂ ನಾನು ಅಷ್ಟು ನೀಟಾಗಿ ಹೊಲಿದುಕೊಟ್ಟಿಲ್ಲ. ಗುಬ್ಬಚ್ಚಿಗಳು ಗೋಡೆ ಮೇಲೆ ಕೂತು ಚೀಂವ್ ಚೀಂವ್ ಎಂದು ಗೋಳಾಡಿದವು. "ಅಳಿ, ಚೆನ್ನಾಗಿ ಅಳಿ" ಎಂದೆ.

ದಿನಾ ಸಂಜೆ ಆರಕ್ಕೆ ಫೋನು. "ಎಲೆ ಎಷ್ಟಿವೆ?"

"ನಲವತ್ಮೂರು!" ಮೊದಮೊದಲು ಇದು ನಿಜವೂ ಆಗಿತ್ತು.

ಹತ್ತನೆಯ ದಿನ ಎಣಿಸಿದೆ, ಮೂವತ್ತಾರು. ಕೆಲವು ಎಲೆಗಳ ಅಂಚು ಕತ್ತರಿಸಿದ ಹಾಗಿತ್ತು. ಮುಚ್ಚಿದ ಕೋಟಿನೊಳಗಿಂದ ಎಲೆ ಎಲ್ಲಿಗೆ ಹೋದೀತು? ಆರಕ್ಕೆ ಫೋನು ಬಂದಾಗ ಬಾಯಿಗೆ ಮೂವತ್ತಾರು ಬಂದಿತ್ತು ಸ್ವಾಮಿ, ನಾಲಗೆ ಮಾತ್ರ ನಲವತ್ತಮೂರು ಎಂದಿತು.

ಮರುದಿನ ಅಂಗಡಿಯಿಂದ ಬೇಗ ಬಂದರೆ, ಪಕ್ಕದ ಮನೆಯ ಟೀಚರಮ್ಮ ನಮ್ಮ ಅಂಗಳದಲ್ಲಿ! ರಿಟೈರಾದ ಲೆಕ್ಕದ ಟೀಚರು. ಕೈಯಲ್ಲಿ ಅಡುಗೆಮನೆಯ ಚಿಮಟ, ಇನ್ನೊಂದು ಕೈ ಜಿಪ್ಪಿನ ಮೇಲೆ.

"ಏನು ಟೀಚರಮ್ಮಾ?"

"ಏ... ಏನಿಲ್ಲಪ್ಪ, ಹೊಲಿಗೆ ನೋಡ್ತಿದ್ದೆ. ಭಾಳ ಚೆನ್ನಾಗಿದೆ" ಎಂದು ತಡವರಿಸುತ್ತಾ ಹೊರಟೇಬಿಟ್ಟರು.

ಕಳ್ಳಿ! ಇಷ್ಟು ವರ್ಷ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಿದವರು ಈಗ ನಮ್ಮ ಎಲೆಗಳನ್ನೇ ಕಳೆಯುತ್ತಿದ್ದಾರೆ. ಅವತ್ತೇ ಜಿಪ್ಪಿಗೆ ಒಂದು ಪುಟ್ಟ ಬೀಗ ಜಡಿದೆ. ಬೀಗದಕೈ ನನ್ನ ಜೇಬಿನಲ್ಲಿ.

ಆದರೂ ಎಲೆ ಇಳಿಯುತ್ತಲೇ ಹೋಯಿತು. ಇಪ್ಪತ್ತೆಂಟು, ಹತ್ತೊಂಬತ್ತು. ನನಗೆ ಊಟ ಸೇರದಾಯಿತು. ಗಿರಾಕಿಯೊಬ್ಬರ ಪ್ಯಾಂಟಿಗೆ ಮೂರು ಕಾಲು ಕತ್ತರಿಸಿದೆ. ಆರು ಗಂಟೆ ಹೊಡೆದರೆ ಫೋನು ಬಂದೇ ಬರುತ್ತಿತ್ತು. "ನಲವತ್ಮೂರು" ಎನ್ನುತ್ತಿದ್ದೆ. ಆ ಕಡೆ ಅವಳು "ನಲವತ್ಮೂರೇ? ಸರಿ" ಎನ್ನುತ್ತಿದ್ದಳು.

ಹದಿನೆಂಟನೆಯ ದಿನ, ಉಳಿದ ಎಲೆಗಳನ್ನಾದರೂ ಚೊಕ್ಕಟವಾಗಿಡೋಣ ಎಂದು ಬೀಗ ತೆಗೆದು, ಒದ್ದೆ ಬಟ್ಟೆಯಿಂದ ಒಂದು ಹಿಕ್ಕೆಯನ್ನು ಒರೆಸಲು ಹೋದೆ. ಹಿಕ್ಕೆ ತಲೆಯೆತ್ತಿ ನನ್ನನ್ನು ನೋಡಿತು. ನೋಡಿದ್ದಷ್ಟೇ ಅಲ್ಲ, ಕೆಂಪಗೆ ಎರಡು ಕೊಂಬು ಚಾಚಿತು. ಗಬ್ಬು ನಾತ ಬೇರೆ. "ಅಯ್ಯಯ್ಯೋ!" ಎಂದು ಹಿಂದಕ್ಕೆ ಹಾರಿ ಬಕೆಟ್ಟಿನಲ್ಲಿ ಕೂತೆ.

ಹಿಕ್ಕೆಯ ವೇಷ ಹಾಕಿದ ಹುಳ! ಬೆಳೆದು ದೊಡ್ಡವಾದವು ಹಸಿರು ಬಣ್ಣಕ್ಕೆ ತಿರುಗಿ ಕೊಂಬೆಗೆ ಅಂಟಿದ್ದವು. ಅವನ್ನು ನಾನು ಎಲೆ ಎಂದೇ ಎಣಿಸುತ್ತಿದ್ದೆ. ಗುಬ್ಬಚ್ಚಿಗಳು ಬರುತ್ತಿದ್ದುದು ಇವನ್ನು ತಿನ್ನಲಿಕ್ಕೆ. ಅವುಗಳಿಂದ ಹುಳಗಳನ್ನು ಕಾಪಾಡಲು ನಾನು ಅಳತೆ ತೆಗೆದು ಅರಮನೆ ಹೊಲಿದು, ಬೀಗ ಹಾಕಿ ಕಾವಲು ನಿಂತಿದ್ದೆ. ಒಂದೊಂದನ್ನೇ ಕಿತ್ತು ಸೋಪಿನ ನೀರಿಗೆ ಹಾಕಿದೆ. ನಿಜವಾದ ಎಲೆ ಉಳಿದದ್ದು ಎರಡು.

ಆರಕ್ಕೆ ಫೋನು. "ಎಷ್ಟಿವೆ?"

"ನಲವತ್ಮೂರು" ಎಂದವನೇ ಫೋನಿಟ್ಟು ಗೋಡೆಗೆ ಒರಗಿ ಕೂತೆ. ನಿಜಕ್ಕೂ ಅಳು ಬಂತು.

ಅವಳು ಬಂದ ದಿನ ಬ್ಯಾಗನ್ನು ಕೆಳಗಿಡದೆ ಸೀದಾ ಸಸಿಯ ಹತ್ತಿರ ಹೋದಳು. "ಬೀಗ ತೆಗೀರಿ." ತೆಗೆದೆ. ಎರಡು ಎಲೆಯ ಕಡ್ಡಿಯ ಮುಂದೆ ನಿಂತು ಅವಳು ಬೈಯಲಿಲ್ಲ.

"ಟೀಚರಮ್ಮ ದಿನಾ ಎಣಿಸಿ ಹೇಳ್ತಿದ್ರು. ಗೋಡೆ ಆಚೆಯಿಂದ."

"ಹಾಗಾದ್ರೆ ಆ ಚಿಮಟ..."

"ಹುಳ ತೆಗೆಯೋಕೆ ನಾನೇ ಕಳಿಸಿದ್ದೆ. ನೀವು ಬೀಗ ಜಡಿದ್ರಿ."

"ಮತ್ತೆ ನನಗೇ ಹೇಳಬಾರದಿತ್ತೇನೇ?"

"ದಿನಾ ಕೇಳ್ತಿದ್ನಲ್ರೀ! ಒಂದು ದಿನ, ಒಂದೇ ಒಂದು ದಿನ, ಒಂದು ಕಮ್ಮಿ ಇದೆ ಅಂದಿದ್ರೆ ಆ ಕ್ಷಣವೇ ಹೇಳ್ತಿದ್ದೆ." ಇನ್ನೆಂದೂ ಸುಳ್ಳು ಹೇಳುವುದಿಲ್ಲವೆಂದು ನಾನು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆಮೇಲೆ ಅವಳು ಬಗ್ಗಿ, ಉಗುರಿನ ತುದಿಯಿಂದ ತೊಗಟೆಯನ್ನು ಕೆರೆದಳು. ಒಳಗೆ ಹಸಿರು. "ಜೀವ ಇದೆ. ಅಪ್ಪನ ಕೈ, ಅಷ್ಟು ಸುಲಭಕ್ಕೆ ಸಾಯಲ್ಲ" ಎಂದು ಮೂಗೊರೆಸಿಕೊಂಡಳು.

ಕೋಟು ತೆಗೆದುಬಿಟ್ಟೆ. ಮೂರು ವಾರಕ್ಕೆ ಚಿಗುರು ಬಂತು. ಗುಬ್ಬಚ್ಚಿಗಳೂ ಬಂದವು. ದಿನಾ ಸಂಜೆ ಎಣಿಸಿ ವರದಿ ಒಪ್ಪಿಸುವುದು ನನ್ನ ಕೆಲಸ, ತಾಳೆ ನೋಡುವುದು ಟೀಚರಮ್ಮನದು.

ನಿನ್ನೆ ಅವಳೂ ಟೀಚರಮ್ಮನೂ ಗೋಡೆಯ ಬಳಿ ಹರಟುತ್ತಿದ್ದಾಗ ಎಳೆಯ ಎಲೆಯ ಮೇಲೆ ಕಪ್ಪು ಬಿಳುಪಿನ ಚುಕ್ಕೆ ಕಂಡಿತು. ಈ ಸಲ ಮೋಸ ಹೋಗುವವನು ನಾನಲ್ಲ. "ಸಿಕ್ಕಿದೆಯಾ ಬದ್ಮಾಶ್!" ಎಂದು ಕೂಗಿ, ಚಿಮಟಕ್ಕೂ ಕಾಯದೆ ಬರಿಗೈಯಲ್ಲೇ ನೆಗೆದು, ಬೆರಳುಗಳ ನಡುವೆ ಹಿಡಿದು ಹಿಸುಕಿದೆ.

ಕೊಂಬು ಬರಲಿಲ್ಲ. ತಲೆಯೂ ಇರಲಿಲ್ಲ. ಗೋಡೆ ಮೇಲಿನ ಗುಬ್ಬಚ್ಚಿ ಚೀಂವ್ ಎಂದಿತು.

"ಏನ್ರೀ ಅದು?" ಎಂದಳು ಹೆಂಡತಿ.

ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, "ಹಿಕ್ಕೆ" ಎಂದೆ.